ಕುಟುಂಬ ಶಿಬಿರ: ನಿಯಮ ಮೊದಲು ಹಿರಿಯರಿಗೆ

'ದೇಶ ಸುತ್ತು, ಕೋಶ ಓದು' ಎಂಬುದು ನಮ್ಮ ಹಿರಿಯರು ಹೇಳುತ್ತ ಬಂದ ಮಾತು. ಕೋಶ ಓದಿಸುವ ಕೆಲಸವನ್ನು ಶಾಲೆಗಳು ಜೂನ್ ತಿಂಗಳಿಂದ ಮಾರ್ಚ್ ತನಕ ಮಾಡುತ್ತಲೇ ಇರುತ್ತವೆ. ದೇಶ ಸುತ್ತುವ ಭಾಗ್ಯ ಮಾತ್ರ ಹೆಚ್ಚಿನ ಮಕ್ಕಳಿಗೆ ವರ್ಷಕ್ಕೊಮ್ಮೆ ಪ್ರವಾಸದ ರೂಪದಲ್ಲಿ, ಇಲ್ಲವೆ ಸ್ಕೌಟ್ಸ್ ಮತ್ತು ಗೈಡ್ಸ್ ದಳದ ಎರಡು ಮೂರು ದಿನಗಳ ಶಿಬಿರದ ರೂಪದಲ್ಲಿ ಒದಗುತ್ತದೆ. ಈ ಶಿಬಿರಕ್ಕೆ ಮಕ್ಕಳ ಜೊತೆಯಲ್ಲಿ ತಂದೆತಾಯಿಯರನ್ನೂ, ಮನೆಯ ಚಿಕ್ಕ ಮಕ್ಕಳನ್ನೂ ಕರೆದುಕೊಂಡು ಹೋಗುವ ಪದ್ಧತಿಯೂ ಕೆಲವೆಡೆ ಉಂಟು. ಇದು ಒಳ್ಳೆಯ ಪದ್ಧತಿ. ತನ್ನ ಮಗ ಗಂಟು ಹಾಕಿ ಗುಡಾರ ನಿಲ್ಲಿಸುವುದನ್ನು ತಂದೆ ಕಣ್ಣಾರೆ ಕಾಣಬೇಕು. ಮಗಳು ಹತ್ತು ಮಂದಿಗೆ ಗಂಜಿ ಬೇಯಿಸಿ ಬಡಿಸುವುದನ್ನು, ಅಲ್ಲಿಗೇ ನಿಲ್ಲದೆ ದಿಕ್ಸೂಚಿ ಹಿಡಿದು ದಾರಿ ತೋರಿಸುವುದನ್ನು ತಾಯಿ ನೋಡಬೇಕು. ಪಾಠಪುಸ್ತಕದಿಂದ ಸಿಗದ ಪರಸ್ಪರ ಪರಿಚಯ ಇಂತಹ ಎರಡು ರಾತ್ರಿಗಳಲ್ಲಿ ಸಿಗುತ್ತದೆ.

ಆದರೆ ಕುಟುಂಬಗಳು ಸೇರಿದ ಶಿಬಿರದಲ್ಲಿ ಒಂದು ವಿಚಿತ್ರವಾದ ಅಪಾಯ ಅಡಗಿದೆ. ಅದನ್ನು ಪೋಷಕ ಬಂಧುಗಳ ಮುಂದೆಯೂ, ವಿದ್ಯಾರ್ಥಿ ಮಿತ್ರರ ಮುಂದೆಯೂ ಬಿಚ್ಚಿಡುವುದೇ ಈ ಲೇಖನದ ಉದ್ದೇಶ. ಅಪಾಯವೆಂದರೆ ಕಾಡುಮೃಗವಲ್ಲ, ಹಾವೂ ಅಲ್ಲ. 'ಇಷ್ಟು ಮಂದಿ ಹಿರಿಯರು ಇದ್ದೇವಲ್ಲ, ಇನ್ನೇನು ಹೆದರಿಕೆ?' ಎಂಬ ನಮ್ಮ ಧೈರ್ಯವೇ ಆ ಅಪಾಯ.

ಇದು ಹೇಗೆಂದು ಯೋಚಿಸೋಣ. ಇಬ್ಬರು ಅಧ್ಯಾಪಕರು ಮೂವತ್ತು ಮಕ್ಕಳನ್ನು ಕರೆದುಕೊಂಡು ಹೋದಾಗ ಅವರಿಗೆ ಕಣ್ಣು ಮುಚ್ಚಲು ಧೈರ್ಯವಿರುವುದಿಲ್ಲ. ಗಳಿಗೆಗೊಮ್ಮೆ ತಲೆ ಎಣಿಸುತ್ತಾರೆ. ಅದೇ ಮೂವತ್ತು ಮಕ್ಕಳ ಜೊತೆ ನಲುವತ್ತು ಮಂದಿ ಹಿರಿಯರು ಬಂದರೆ ಎಣಿಸುವವರೇ ಇಲ್ಲ. ಮಗು ತಂದೆಯ ಬಳಿ ಇದೆಯೆಂದು ಅಧ್ಯಾಪಕರು ತಿಳಿಯುತ್ತಾರೆ. ತಾಯಿಯ ಬಳಿ ಇದೆಯೆಂದು ತಂದೆ ತಿಳಿಯುತ್ತಾನೆ. ದಳದ ಮಕ್ಕಳೊಡನೆ ಆಡುತ್ತಿದೆಯೆಂದು ತಾಯಿ ಒಲೆಯ ಮುಂದೆ ನಿಶ್ಚಿಂತೆಯಿಂದ ಇರುತ್ತಾಳೆ. ಮಗು ಮಾತ್ರ ಹೊಳೆಯ ಬದಿಯಲ್ಲಿ ಒಂಟಿಯಾಗಿರುತ್ತದೆ. ಎಲ್ಲರೂ ನೋಡಿಕೊಳ್ಳುತ್ತಾರೆ ಎಂದಾದಲ್ಲಿ ಯಾರೂ ನೋಡಿಕೊಳ್ಳುವುದಿಲ್ಲ. ಮದುವೆಮನೆಗಳಲ್ಲಿ, ಜಾತ್ರೆಗಳಲ್ಲಿ ಮಕ್ಕಳು ಕಾಣೆಯಾಗುವುದೂ ಹೀಗೆಯೇ ಅಲ್ಲವೆ?

ಶಿಬಿರ ಜೀವನದ ಮೂಲವನ್ನು ನೋಡಿದರೆ ಇದಕ್ಕೆ ಪರಿಹಾರವೂ ಅಲ್ಲಿಯೇ ಇದೆ. ಸ್ಕೌಟ್ ಚಳುವಳಿಯ ಸ್ಥಾಪಕರಾದ ಬೇಡನ್ ಪೊವೆಲ್ ಅವರು 1907ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತಕ್ಕೆ ಸ್ವಲ್ಪ ಹೆಚ್ಚು ಹುಡುಗರನ್ನು ಸೇರಿಸಿ ಮೊದಲ ಶಿಬಿರ ನಡೆಸಿದರು. ಅಷ್ಟೇ ಸಣ್ಣ ಗುಂಪನ್ನೂ ಅವರು ಒಟ್ಟಾಗಿ ಬಿಡಲಿಲ್ಲ. ಸಣ್ಣ ಸಣ್ಣ ದಳಗಳಾಗಿ ವಿಂಗಡಿಸಿ, ಪ್ರತಿಯೊಂದು ದಳಕ್ಕೂ ಒಬ್ಬ ಹಿರಿಯ ಹುಡುಗನನ್ನು ನಾಯಕನನ್ನಾಗಿ ಮಾಡಿ, ಆ ದಳದ ಹೊಣೆಯನ್ನು ಅವನ ಮೇಲೆ ಹೊರಿಸಿದರು. ನಮ್ಮ ದೇಶದಲ್ಲಿ 1950ರ ನವೆಂಬರ್ 7ರಂದು ಸ್ಥಾಪನೆಯಾದ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯೂ ಈ ದಳಪದ್ಧತಿಯನ್ನೇ ಅನುಸರಿಸಿಕೊಂಡು ಬಂದಿದೆ. ಇದರ ತಿರುಳು ಇಷ್ಟೇ: ಹೊಣೆಗೆ ಹೆಸರಿರಬೇಕು. ಹೆಸರಿಲ್ಲದ ಹೊಣೆ ಹೊಣೆಯಲ್ಲ.

ಆದುದರಿಂದ ಕುಟುಂಬ ಶಿಬಿರದ ಮೊದಲ ನಿಯಮ ಇದಾಗಬೇಕು. ಹೊರಡುವ ಮುಂಚೆಯೇ ಪ್ರತಿಯೊಂದು ಮಗುವಿನ ಹೆಸರಿನ ಎದುರು ಒಬ್ಬ ಹಿರಿಯರ ಹೆಸರನ್ನು ಬರೆದಿಡಬೇಕು. ಒಬ್ಬರ ಲೆಕ್ಕದಲ್ಲಿ ಐದಾರು ಮಕ್ಕಳಿಗಿಂತ ಹೆಚ್ಚು ಬೇಡ. ಮಕ್ಕಳು ತಮ್ಮೊಳಗೆ ಇಬ್ಬಿಬ್ಬರಂತೆ ಜೋಡಿಯಾಗಿರಬೇಕು. ಒಬ್ಬ ಎಲ್ಲಿಗೆ ಹೋದರೂ, ಶೌಚಕ್ಕೆ ಹೋದರೂ, ಇನ್ನೊಬ್ಬನಿಗೆ ತಿಳಿದಿರಬೇಕು. ಬಸ್ ಹತ್ತುವಾಗ, ಇಳಿಯುವಾಗ, ಊಟದ ಮುಂಚೆ, ನೀರಿನ ಬಳಿಯಿಂದ ಮರಳಿದಾಗ, ಮಲಗುವ ಮುಂಚೆ ಎಣಿಕೆಯಾಗಬೇಕು. ಇನ್ನೂ ಒಂದು ಮಾತು. ತಂದೆಯಾಗಲಿ ತಾಯಿಯಾಗಲಿ ತನ್ನ ಸ್ವಂತ ಮಗುವಿರುವ ದಳದ ಹೊಣೆಯನ್ನು ಹೊರದಿರುವುದು ಲೇಸು. ಹೊತ್ತರೆ ಐದು ಮಕ್ಕಳಲ್ಲಿ ಒಂದರ ಮೇಲೆಯೇ ಕಣ್ಣು ನೆಡುತ್ತದೆ. ಇದು ಪ್ರೀತಿಯ ದೋಷವೇ ಹೊರತು ಮನುಷ್ಯನ ದೋಷವಲ್ಲ. ಶಾಲೆಗೆ ಸೇರದ ಪುಟ್ಟ ಮಕ್ಕಳು ಮಾತ್ರ ತಮ್ಮ ಮನೆಯವರ ಲೆಕ್ಕದಲ್ಲೇ ಇರಲಿ.

ಎರಡನೆಯ ನಿಯಮ ನೀರಿನದು. ಇಲ್ಲಿ ರಿಯಾಯಿತಿಯೆಂಬುದೇ ಇರಬಾರದು. ನಮ್ಮ ಕಾಸರಗೋಡು ಜಿಲ್ಲೆಯ ಒಂದು ಕಡೆ ಉದ್ದಕ್ಕೂ ಕಡಲು, ಇನ್ನೊಂದು ಕಡೆ ಗುಡ್ಡಬೆಟ್ಟಗಳಿಂದ ಇಳಿದು ಬರುವ ಚಂದ್ರಗಿರಿ, ಶಿರಿಯ, ಉಪ್ಪಳ ಮೊದಲಾದ ಹೊಳೆಗಳು. ಕೆಂಪುಕಲ್ಲು ಕಡಿದು ಬಿಟ್ಟ ಕೋರೆಗಳು ಮಳೆಗಾಲದಲ್ಲಿ ತುಂಬಿ ಕೆರೆಗಳಂತೆ ಕಾಣುತ್ತವೆ. ಕೆರೆಗೆ ಇಳಿಯಲು ಮೆಟ್ಟಿಲಾದರೂ ಇರುತ್ತದೆ. ಕೋರೆಯ ಅಂಚು ಮಾತ್ರ ಗೋಡೆಯಂತೆ ನೆಟ್ಟಗೆ ಇಳಿದಿರುತ್ತದೆ. ಜಾರಿದವನಿಗೆ ಹಿಡಿದು ಮೇಲೇರಲು ಏನೂ ಸಿಗುವುದಿಲ್ಲ. ಗುಡ್ಡದ ಬದಿಯನ್ನು ಕೊರೆದು ನೀರು ತೆಗೆಯುವ ಸುರಂಗಗಳು ನಮ್ಮ ನಾಡಿನ ಹೆಮ್ಮೆಯೇ ಹೌದು. ಆದರೆ ಬಳಕೆಯಿಲ್ಲದೆ ಬಿಟ್ಟ ಸುರಂಗದೊಳಗೆ ನುಗ್ಗುವುದು ಸಾಹಸವಲ್ಲ, ಅವಿವೇಕ. ಮಣ್ಣು ಕುಸಿಯಬಹುದು, ಉಸಿರಾಡಲು ಗಾಳಿ ಸಾಲದಾಗಬಹುದು, ಹಾವುಗಳಿರಬಹುದು.

ಈಚಿನ ವರ್ಷಗಳಲ್ಲಿ ಸಂಭವಿಸಿದ ಕೆಲವು ದುರಂತಗಳನ್ನು ಇಲ್ಲಿ ನೆನಪಿಸಿಕೊಳ್ಳುವುದು ಅನಿವಾರ್ಯ. 2007ರ ಫೆಬ್ರವರಿ 20ರಂದು ಎರ್ನಾಕುಳಂ ಜಿಲ್ಲೆಯ ತಟ್ಟೇಕಾಡಿನಲ್ಲಿ ಶಾಲಾ ಪ್ರವಾಸದ ದೋಣಿ ಪೆರಿಯಾರ್ ನದಿಯಲ್ಲಿ ಮುಳುಗಿ 15 ಮಕ್ಕಳೂ 3 ಮಂದಿ ಅಧ್ಯಾಪಿಕೆಯರೂ ತೀರಿಕೊಂಡರು. 2023ರ ಮೇ 7ರ ಸಂಜೆ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರದೋಣಿ ಮಗುಚಿ 22 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಅವರು ಶಾಲೆಯವರ ಜೊತೆ ಹೋದವರಲ್ಲ, ತಂತಮ್ಮ ಮನೆಯವರ ಜೊತೆಯಲ್ಲೇ ಹೋದವರು. 2024ರ ಜನವರಿ 18ರಂದು ಗುಜರಾತಿನ ವಡೋದರದ ಹರಣಿ ಕೆರೆಯಲ್ಲಿ 12 ಮಕ್ಕಳೂ ಇಬ್ಬರು ಅಧ್ಯಾಪಿಕೆಯರೂ ಮುಳುಗಿದರು. ಅದೇ ವರ್ಷ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ವಸತಿಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾದರು. ಮೇಲೆ ಹೇಳಿದ ಮೂರು ದೋಣಿಗಳಲ್ಲಿಯೂ ಹಿಡಿಸುವುದಕ್ಕಿಂತ ಹೆಚ್ಚು ಜನರಿದ್ದರು. ಎಲ್ಲ ಕಡೆಯಲ್ಲಿಯೂ ಹಿರಿಯರು ಹತ್ತಿರದಲ್ಲೇ ಇದ್ದರು ಎಂಬುದನ್ನು ನಾವು ಮರೆಯಬಾರದು. ಹಿರಿಯರ ಸಾನ್ನಿಧ್ಯವೊಂದೇ ಮಕ್ಕಳನ್ನು ಕಾಯುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಶಿಬಿರದ ಮುಖ್ಯಸ್ಥರು ಗುರುತಿಸಿದ ಜಾಗದಲ್ಲಿ, ಗುರುತಿಸಿದ ಹೊತ್ತಿನಲ್ಲಿ ಮಾತ್ರ ನೀರಿಗಿಳಿಯಬೇಕು. ದಡದಲ್ಲಿ ಈಜು ಬಲ್ಲ ಇಬ್ಬರು ಹಿರಿಯರು ಹಗ್ಗ ಮತ್ತು ತೇಲುವ ಡಬ್ಬಿಯೊಂದಿಗೆ ನಿಂತಿರಬೇಕು. ಅವರ ಕೈಯಲ್ಲಿ ಮೊಬೈಲ್ ಇರಬಾರದು, ಬಾಯಲ್ಲಿ ಹರಟೆಯೂ ಇರಬಾರದು. ಅಪರಿಚಿತ ಕಡಲಲ್ಲಿ ಮೊಣಕಾಲಿಗಿಂತ ಆಳಕ್ಕೆ ಯಾರೂ ಹೋಗಬಾರದು. ಜೀವರಕ್ಷಕ ಜಾಕೆಟು ತೊಡದೆ ದೋಣಿ ಹತ್ತಬಾರದು. ಜನ ಹೆಚ್ಚಾದ ದೋಣಿಯಿಂದ ನಾಚಿಕೆಯಿಲ್ಲದೆ ಇಳಿದುಬಿಡಬೇಕು, ಕೊಟ್ಟ ಹಣ ಹೋದರೂ ಸರಿಯೆ. ಸೆಳೆತಕ್ಕೆ ಸಿಕ್ಕಿದವನು ದಡಕ್ಕೆ ಎದುರಾಗಿ ಹೋರಾಡಿ ದಣಿಯಬಾರದು. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಗೆ ಬಂದು, ಆ ಮೇಲೆ ದಡದ ಕಡೆ ತಿರುಗಬೇಕು. ಮುಳುಗುವವನನ್ನು ಕಂಡವರು ತಾವೂ ಹಾರಬಾರದು. ಕೂಗಿ ಹಿರಿಯರನ್ನು ಕರೆಯಬೇಕು. ಹಗ್ಗವನ್ನೋ ಕೋಲನ್ನೋ ಪಂಚೆಯನ್ನೋ ಸೀರೆಯನ್ನೋ ಎಸೆಯಬೇಕು. ಒಬ್ಬನನ್ನು ಉಳಿಸಲು ಹೋಗಿ ಮೂವರು ಮುಳುಗಿದ ಸುದ್ದಿಯನ್ನು ನಾವು ಪ್ರತಿವರ್ಷ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ.

ಇಲ್ಲಿ ಕೆಲವು ಪೋಷಕರು ಹೇಳುವ ಮಾತೊಂದಿದೆ. 'ನಾವೆಲ್ಲ ಹೊಳೆಯಲ್ಲೇ ಈಜಿ ಬೆಳೆದವರು, ನಮಗೇನಾಯಿತು?' ಮಾತು ನಿಜವೇ. ಆದರೆ ಅವರು ಈಜಿದ್ದು ತಮ್ಮ ಮನೆಯ ಹಿಂದಿನ ಹೊಳೆಯಲ್ಲಿ. ಯಾವ ಬಂಡೆಯ ಕೆಳಗೆ ಮಡು ಇದೆ, ಯಾವ ತಿಂಗಳಲ್ಲಿ ಸೆಳೆತ ಹೆಚ್ಚು ಎಂಬುದು ಅವರಿಗೆ ಹುಟ್ಟಿನಿಂದ ತಿಳಿದಿತ್ತು. ಶಿಬಿರದ ಹೊಳೆ ಪರಊರಿನ ಹೊಳೆ. ಅಲ್ಲಿ ಐವತ್ತು ವರ್ಷದ ಈಜುಗಾರನೂ ಐದು ವರ್ಷದ ಮಗುವಿನಷ್ಟೇ ಹೊಸಬ. ಮೇಲಾಗಿ 'ನಮಗೇನಾಯಿತು' ಎಂದು ಕೇಳುವವರು ಬದುಕಿ ಉಳಿದವರು. ಉಳಿಯದವರ ಮಾತನ್ನು ನಾವು ಕೇಳುವಂತಿಲ್ಲ.

ಮೂರನೆಯದು ಬೆಂಕಿ. ಶಿಬಿರಾಗ್ನಿಯಿಲ್ಲದ ಶಿಬಿರ ಉಪ್ಪಿಲ್ಲದ ಊಟ. ಆದರೆ ಬೆಂಕಿ ಹಾಕುವ ಜಾಗದ ಸುತ್ತ ಒಣಹುಲ್ಲು, ತರಗೆಲೆ ಗುಡಿಸಿ ನೆಲ ತೋರುವಂತೆ ಮಾಡಬೇಕು. ಪಕ್ಕದಲ್ಲಿ ನೀರಿನ ಕೊಡಗಳೂ ಮಣ್ಣಿನ ರಾಶಿಯೂ ಇರಬೇಕು. ಮಲಗುವ ಮುಂಚೆ ಬೂದಿಯನ್ನು ಕೆದಕಿ, ನೀರು ಹೊಯ್ದು, ಕೈಯಿಟ್ಟು ನೋಡಿದರೆ ತಣ್ಣಗಿರಬೇಕು. ಗುಡಾರದೊಳಗೆ ಮೇಣದಬತ್ತಿ, ಸೊಳ್ಳೆಬತ್ತಿ ಖಂಡಿತ ಬೇಡ. ಒಣಗರಿಯ ಸೂಟೆ ಹಿಡಿದು ರಾತ್ರಿ ನಡೆಯುವ ಹಳೆಯ ಅಭ್ಯಾಸವಂತೂ ಬೇಡವೇ ಬೇಡ. ಫೆಬ್ರವರಿ ಕಳೆದ ಮೇಲೆ ನಮ್ಮ ಗುಡ್ಡೆಗಳ ಮುಳಿಹುಲ್ಲು ಒಣಗಿ ಒಂದು ಕಿಡಿಗಾಗಿ ಕಾದಿರುತ್ತದೆ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದ ಎರಡು ಗುಂಪುಗಳು ಕಾಡುಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಬೇಸಗೆಯಲ್ಲಿ ಬೆಟ್ಟದ ಶಿಬಿರ ಬೇಡ. ಕ್ರಿಸ್‌ಮಸ್ ರಜೆಯ ಹೊತ್ತು ನಮಗೆ ಹೇಳಿ ಮಾಡಿಸಿದ ಹೊತ್ತು. ರಾಣಿಪುರದಂತಹ ಕಾಡಿನ ಜಾಗಕ್ಕೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಅವರು ತೋರಿಸಿದ ದಾರಿಯಲ್ಲೇ ನಡೆಯಬೇಕು. ಅದು ಆನೆಗಳ ಮನೆ. ನಾವು ಅಲ್ಲಿಗೆ ಹೋದ ನೆಂಟರು. ನೆಂಟರು ಮನೆಯವರ ಕೋಣೆಗಳಿಗೆ ನುಗ್ಗುವುದುಂಟೆ?

ಬೆಂಕಿಯ ಮಾತು ಬಂದಾಗ ಒಲೆಯ ಮಾತನ್ನೂ ಹೇಳಬೇಕು. ಕುಟುಂಬ ಶಿಬಿರವೆಂದರೆ ಗಂಡಸರು ಮರದಡಿಯಲ್ಲಿ ಕುಳಿತು ರಾಜಕೀಯ ಮಾತಾಡುವುದು, ತಾಯಂದಿರು ಮನೆಯ ಒಲೆಯಿಂದ ಶಿಬಿರದ ಒಲೆಗೆ ಬರುವುದು ಎಂದಾಗಬಾರದು. ಇದು ನ್ಯಾಯದ ಪ್ರಶ್ನೆ ಮಾತ್ರವಲ್ಲ, ಸುರಕ್ಷೆಯ ಪ್ರಶ್ನೆ ಕೂಡ. ಕುದಿಯುವ ಅನ್ನದ ಹಂಡೆಯ ಮುಂದೆ ನಿಂತ ತಾಯಿಯ ಸೆರಗು ಹಿಡಿದು ಪುಟ್ಟ ಮಗು ಓಡಾಡುತ್ತಿರುತ್ತದೆ. ಅಡುಗೆಯ ಸುತ್ತ ಹತ್ತು ಅಡಿಗೆ ಹಗ್ಗ ಕಟ್ಟಿ, ಪಾಳಿಯಲ್ಲಿರುವವರಲ್ಲದೆ ಬೇರೆ ಯಾರೂ ಒಳಗೆ ಬರದಂತೆ ಮಾಡಬೇಕು. ಪಾಳಿ ಎಲ್ಲರಿಗೂ ಇರಬೇಕು, ತಂದೆಯಂದಿರಿಗೂ ಇರಬೇಕು. ಒಲೆಯ ಬಳಿ ಇರುವ ತಾಯಿಯ ಮಗುವನ್ನು ಆ ಹೊತ್ತಿಗೆ ಯಾರು ನೋಡಿಕೊಳ್ಳುತ್ತಾರೆ ಎಂಬುದೂ ಪಟ್ಟಿಯಲ್ಲಿ ಬರೆದಿರಬೇಕು.

ನಾಲ್ಕನೆಯದು ರಾತ್ರಿ. ನಮ್ಮ ದೇಶದಲ್ಲಿ ಹಾವು ಕಚ್ಚಿ ಸಾಯುವವರ ಸಂಖ್ಯೆ ಸಣ್ಣದಲ್ಲ. 2000ದಿಂದ 2019ರ ವರೆಗೆ ಸುಮಾರು 12 ಲಕ್ಷ ಮಂದಿ ಹೀಗೆ ಸತ್ತರೆಂದು ತಜ್ಞರು ಲೆಕ್ಕ ಹಾಕಿದ್ದಾರೆ. ಅವರಲ್ಲಿ ಕಾಲು ಪಾಲಿಗಿಂತ ಹೆಚ್ಚಿನವರು 15 ವರ್ಷಕ್ಕಿಂತ ಕೆಳಗಿನ ಮಕ್ಕಳು. ಕಟ್ಟುಹಾವು ರಾತ್ರಿಯಲ್ಲೇ ಸಂಚರಿಸುತ್ತದೆ, ನೆಲದ ಮೇಲೆ ಮಲಗಿದವರನ್ನು ಕಚ್ಚುವುದುಂಟು. ಕಚ್ಚಿದ್ದು ತಿಳಿಯದಷ್ಟು ನೋವು ಕಡಿಮೆ. ಆದುದರಿಂದ ಗುಡಾರದ ಬಾಗಿಲು ಮುಚ್ಚಿರಬೇಕು, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಬೇಕು, ತಿಂಡಿಯ ಚೂರುಗಳು ಇಲಿಗಳನ್ನೂ ಇಲಿಗಳು ಹಾವುಗಳನ್ನೂ ಕರೆಯುವುದರಿಂದ ಗುಡಾರದೊಳಗೆ ತಿನ್ನಬಾರದು. ರಾತ್ರಿ ಟಾರ್ಚಿಲ್ಲದೆ ಕಾಲು ಹೊರಗಿಡಬಾರದು. ಬೆಳಗ್ಗೆ ಬೂಟು ಕೊಡವಿ ಹಾಕಿಕೊಳ್ಳಬೇಕು. ಹಾವು ಕಚ್ಚಿದರೆ ಗಾಯವನ್ನು ಕೊಯ್ಯಬಾರದು, ಬಾಯಿಯಿಂದ ಹೀರಬಾರದು, ರಕ್ತ ನಿಲ್ಲುವಂತೆ ಬಿಗಿಯಾಗಿ ಕಟ್ಟಬಾರದು, ಮಂತ್ರ ಮದ್ದು ಎಂದು ಹೊತ್ತು ಕಳೆಯಬಾರದು. ಧೈರ್ಯ ಹೇಳಿ, ಕಚ್ಚಿದ ಕೈಕಾಲು ಅಲುಗಾಡದಂತೆ ಕೋಲಿಟ್ಟು ಕಟ್ಟಿ, ಪ್ರತಿವಿಷದ ಮದ್ದು ಇರುವ ಆಸ್ಪತ್ರೆಗೆ ಒಡನೆ ಸಾಗಿಸಬೇಕು. ಅಂತಹ ಆಸ್ಪತ್ರೆ ಎಲ್ಲಿದೆ ಎಂಬುದನ್ನು ಹಾವು ಕಚ್ಚಿದ ಮೇಲೆ ವಿಚಾರಿಸುವುದಲ್ಲ, ಜಾಗ ಗೊತ್ತುಮಾಡುವಾಗಲೇ ವಿಚಾರಿಸಿಡಬೇಕು. ಶಿಬಿರದಲ್ಲಿ ಒಂದು ವಾಹನ ಚಾಲಕನೊಂದಿಗೆ ಹಗಲೂ ರಾತ್ರಿಯೂ ಸಿದ್ಧವಾಗಿರಬೇಕು.

ಪ್ರಯಾಣವೂ ಶಿಬಿರದ ಭಾಗವೇ. 2022ರ ಅಕ್ಟೋಬರ್ 5ರ ರಾತ್ರಿ ಪಾಲಕ್ಕಾಡ್ ಜಿಲ್ಲೆಯ ವಡಕ್ಕಂಚೇರಿಯಲ್ಲಿ ಶಾಲಾ ಪ್ರವಾಸದ ಬಸ್ ಸರಕಾರಿ ಬಸ್ಸಿಗೆ ಹಿಂದಿನಿಂದ ಗುದ್ದಿ 9 ಮಂದಿ ಸತ್ತರು. ಐವರು ವಿದ್ಯಾರ್ಥಿಗಳು, ಒಬ್ಬರು ಅಧ್ಯಾಪಕರು. ಬಸ್ಸಿನ ಅತಿವೇಗವೇ ಅದಕ್ಕೆ ಕಾರಣವೆಂದು ಕಂಡುಬಂತು. ಬೆಳಗಾದ ಮೇಲೆ ಹೊರಟು ಕತ್ತಲೆಗೆ ಮುಂಚೆ ತಲಪುವುದೇ ನಮ್ಮ ಪ್ರಯಾಣದ ನಿಯಮವಾಗಲಿ. ವೇಗವಾಗಿ ಓಡಿಸುವ ಚಾಲಕನನ್ನು 'ನಿಧಾನ' ಎನ್ನಲು ಅಧ್ಯಾಪಕರು ಮಾತ್ರವಲ್ಲ, ಬಸ್ಸಿನಲ್ಲಿರುವ ಯಾವ ತಾಯಿಯೂ ಹಿಂಜರಿಯಬಾರದು.

ಗಡಿನಾಡಿನ ಕನ್ನಡ ಮಕ್ಕಳಾದ ನಮಗೆ ಸಲ್ಲುವ ವಿಶೇಷ ಮಾತೊಂದಿದೆ. ಕಡಲತೀರದಲ್ಲಿ, ಹೊಳೆಯ ಬದಿಯಲ್ಲಿ, ಕಾಡಿನ ಬಾಗಿಲಲ್ಲಿ ಇರುವ ಎಚ್ಚರಿಕೆಯ ಫಲಕಗಳು ಹೆಚ್ಚಾಗಿ ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಇರುತ್ತವೆ. ಕನ್ನಡದಲ್ಲಿಯೂ ಬರೆಸಬೇಕೆಂದು ಪಂಚಾಯತಿಗೆ ಅರ್ಜಿ ಕೊಡುವುದು ನಮ್ಮ ಹಕ್ಕು, ಕೊಡೋಣ. ಆದರೆ ಅಲೆಗಳು ಅರ್ಜಿಯ ಉತ್ತರ ಬರುವ ತನಕ ಕಾಯುವುದಿಲ್ಲ. 'ಅಪಕಟಂ' ಎಂದರೆ ಅಪಾಯ, 'ಸೂಕ್ಷಿಕ್ಕುಕ' ಎಂದರೆ ಎಚ್ಚರವಾಗಿರಿ, 'ಕುಳಿಕ್ಕರುತ್' ಎಂದರೆ ಸ್ನಾನ ಮಾಡಬಾರದು, 'ಪ್ರವೇಶನಮಿಲ್ಲ' ಎಂದರೆ ಒಳಗೆ ಹೋಗಬಾರದು. ಈ ನಾಲ್ಕು ಮಾತುಗಳನ್ನು ಮಲಯಾಳ ಲಿಪಿಯಲ್ಲಿ ಗುರುತಿಸಲು ಪ್ರತಿಯೊಂದು ಮಗುವಿಗೂ ಕಲಿಸಿಯೇ ಕರೆದೊಯ್ಯಬೇಕು. ಹಾಗೆಯೇ 112 ಅಥವಾ ಆಂಬುಲೆನ್ಸಿನ 108ಕ್ಕೆ ಕರೆ ಮಾಡಿದರೆ ಉತ್ತರ ಮಲಯಾಳದಲ್ಲಿ ಬರಬಹುದು. ಊರಿನ ಹೆಸರು, ಹತ್ತಿರದ ಗುರುತು, ಏನಾಯಿತು, ಎಷ್ಟು ಮಂದಿಗೆ ಎಂಬುದನ್ನು ಆ ಭಾಷೆಯಲ್ಲಿ ಹೇಳಬಲ್ಲ ಒಬ್ಬರು ಪ್ರತಿ ದಳದಲ್ಲಿಯೂ ಇರಲಿ. ನಮ್ಮ ಮನೆಗಳಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಕನ್ನಡ ಎಂದು ಹತ್ತು ಮಾತುಗಳಿವೆ. ಅದು ನಮ್ಮ ಸಿರಿ. ಆದರೆ ಆಪತ್ತಿನ ಆಜ್ಞೆ ಒಂದೇ ಮಾತಿನಲ್ಲಿರಬೇಕು. ಸಿಳ್ಳೆಯ ಸಂಕೇತ ಅದಕ್ಕಿಂತಲೂ ಲೇಸು. ಉದ್ದದ ಒಂದು ಸಿಳ್ಳೆ ಕೇಳಿದರೆ ಇದ್ದಲ್ಲೇ ನಿಲ್ಲುವುದು, ಮೂರು ಸಿಳ್ಳೆ ಕೇಳಿದರೆ ಧ್ವಜದ ಬಳಿಗೆ ಓಡಿ ಬರುವುದು ಎಂದು ಮೊದಲ ದಿನವೇ ಹಿರಿಯರಿಗೂ ಕಿರಿಯರಿಗೂ ಅಭ್ಯಾಸ ಮಾಡಿಸಬೇಕು.

ಇನ್ನು ನಡತೆಯ ಮಾತು. ಮಕ್ಕಳ ನಡತೆಗೆ ನಿಯಮ ಬರೆಯುವುದು ಸುಲಭ. ದೊಡ್ಡವರಿಗೆ ಬರೆಯುವುದು ಕಷ್ಟ. ಆದರೂ ಬರೆಯಲೇಬೇಕು. ಶಿಬಿರದಲ್ಲಿ ಮದ್ಯ, ಬೀಡಿ ಸಿಗರೇಟು, ಎಲೆಯಡಿಕೆಯ ಜೊತೆಯ ಹೊಗೆಸೊಪ್ಪು, ಇಸ್ಪೀಟು ಯಾವುದೂ ಇರಕೂಡದು. ಮಕ್ಕಳು ಮಲಗಿದ ಮೇಲೆ ಎಂಬ ನೆಪವೂ ಸಲ್ಲದು. ಮಲಗಿದ ಮಕ್ಕಳ ಕಾವಲಿಗೇ ಹೆಚ್ಚು ಎಚ್ಚರ ಬೇಕು. ದಳದ ನಾಯಕನಾದ ಹುಡುಗ ಆಜ್ಞೆ ಕೊಡುತ್ತಿರುವಾಗ ಅವನ ಮಾತಿನ ಮೇಲೆ ಮಾತಾಡಬಾರದು. ತನ್ನ ಮಗುವಿಗೆ ಮಾತ್ರ ಗುಟ್ಟಿನಲ್ಲಿ ಚಕ್ಕುಲಿ ಕೊಡಬಾರದು. ಎರಡನೆಯ ದಿನ ಮಧ್ಯಾಹ್ನ ತುರ್ತು ಕೆಲಸವೆಂದು ಮಗುವನ್ನು ಸದ್ದಿಲ್ಲದೆ ಕರೆದುಕೊಂಡು ಹೋಗಬಾರದು. ಹೋಗಲೇಬೇಕಾದರೆ ಪುಸ್ತಕದಲ್ಲಿ ಸಹಿ ಹಾಕಿ ಹೋಗಬೇಕು, ಇಲ್ಲವಾದರೆ ಸಂಜೆಯ ಎಣಿಕೆಯಲ್ಲಿ ಒಬ್ಬ ಕಡಿಮೆಯಾಗಿ ಇಡೀ ಶಿಬಿರ ಕಾಡಿನಲ್ಲಿ ಕೂಗಿಕೊಂಡು ತಿರುಗಬೇಕಾಗುತ್ತದೆ. ಬಂಡೆಯ ತುದಿಯಲ್ಲಿ ನಿಂತು ಸೆಲ್ಫಿ ತೆಗೆಯುವುದನ್ನು ಮಕ್ಕಳಿಗೆ ಬೇಡವೆನ್ನುವವರು ತಾವು ತೆಗೆಯಬಾರದು. ಬೇರೆಯವರ ಮಕ್ಕಳ ಚಿತ್ರವನ್ನು ಅವರ ಹೆತ್ತವರನ್ನು ಕೇಳದೆ ಎಲ್ಲಿಗೂ ಕಳುಹಿಸಬಾರದು.

ಹೇಳಲು ಸಂಕೋಚವಾಗುವ, ಆದರೆ ಹೇಳದೆ ಬಿಡಬಾರದ ನಿಯಮವೂ ಒಂದಿದೆ. ಯಾವ ಹಿರಿಯರೂ, ಅಧ್ಯಾಪಕರಾಗಲಿ ನೆಂಟರಾಗಲಿ, ಬೇರೆಯವರ ಒಂದು ಮಗುವಿನ ಜೊತೆ ಒಂಟಿಯಾಗಿ ಗುಡಾರದಲ್ಲಾಗಲಿ ಮರೆಯಲ್ಲಾಗಲಿ ಇರಬಾರದು. ಹುಡುಗಿಯರ ಗುಡಾರದ ಕಡೆ ಹೆಂಗಸರೇ ಕಾವಲಿರಬೇಕು. ಇದು ಯಾರ ಮೇಲಿನ ಸಂಶಯವೂ ಅಲ್ಲ. ಎಲ್ಲರಿಗೂ ಒಂದೇ ಬೇಲಿ ಹಾಕಿದರೆ ಒಳ್ಳೆಯವರಿಗೆ ಅವಮಾನವಿಲ್ಲ, ಕೆಟ್ಟವರಿಗೆ ಅವಕಾಶವಿಲ್ಲ. 18 ವರ್ಷದೊಳಗಿನ ಮಕ್ಕಳ ರಕ್ಷಣೆಗಾಗಿ 2012ರಲ್ಲಿ ಬಂದ ಪೋಕ್ಸೋ ಕಾನೂನಿನ ಪ್ರಕಾರ ಇಂತಹ ಅಪರಾಧ ತಿಳಿದೂ ಮುಚ್ಚಿಡುವುದು ಶಿಕ್ಷಾರ್ಹ. ವಿದ್ಯಾರ್ಥಿ ಮಿತ್ರರೇ, ಯಾರ ನಡತೆಯಿಂದಾದರೂ ನಿಮಗೆ ಕಸಿವಿಸಿಯಾದರೆ 'ಬೇಡ' ಎಂದು ಗಟ್ಟಿಯಾಗಿ ಹೇಳಿ ಎದ್ದು ಬನ್ನಿ. ನಂಬಿಕೆಯ ಹಿರಿಯರಿಗೆ ತಿಳಿಸಿ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಬಾಯಿಪಾಠ ಮಾಡಿಡಿ. ಹಿರಿಯರಿಗೆ ಎದುರು ಹೇಳುವುದು ಅವಿಧೇಯತೆಯೆಂಬ ಪಾಠ ಇಲ್ಲಿ ಅನ್ವಯಿಸುವುದಿಲ್ಲ.

ಇಷ್ಟೆಲ್ಲ ನಿಯಮಗಳ ನಡುವೆ ಶಿಬಿರದ ಸಂತೋಷವೆಲ್ಲಿ ಎಂದು ಯಾರಾದರೂ ಕೇಳಿಯಾರು. ಗಾಳಿಪಟಕ್ಕೆ ದಾರವಿದ್ದರೇ ಹಾರಾಟ. ನೀರಿನ ಗಡಿ ಎಲ್ಲಿಯೆಂದು ತಿಳಿದಿದ್ದರೆ ಮಗು ಆ ಗಡಿಯೊಳಗೆ ನಿರಾತಂಕವಾಗಿ ಆಡಬಹುದು. ಚೂರಿ ಹಿಡಿಯುವ ಕ್ರಮ ಕಲಿಸಿದ ಮೇಲೆ ಚೂರಿಯನ್ನು ಕೈಗೆ ಕೊಡಬಹುದು. ಎಲ್ಲವನ್ನೂ ಬೇಡವೆನ್ನುವುದು ನಿಯಮವಲ್ಲ, ಹೆದರಿಕೆ. ನನ್ನ ಅಭಿಪ್ರಾಯದಲ್ಲಿ ಮಕ್ಕಳಿಗೆ ಬೆಂಕಿ ಹಚ್ಚಲು, ಮರ ಹತ್ತಲು, ಕತ್ತಲೆಯಲ್ಲಿ ನಕ್ಷತ್ರ ನೋಡಲು ಬಿಡಲೇಬೇಕು. ಹೊಣೆ ಹೊತ್ತವರು ಹತ್ತಿರವಿದ್ದು, ಕೈ ಹಿಂದಕ್ಕೆ ಕಟ್ಟಿಕೊಂಡು ನೋಡುತ್ತಿದ್ದರೆ ಸಾಕು.

ನಿಯಮ ಮುರಿಯುವುದರ ಪರಿಣಾಮ ಯಾರ ಮೇಲೆ ಬೀಳುತ್ತದೆಂಬುದನ್ನೂ ಯೋಚಿಸಬೇಕು. ಎಲ್ಲೋ ಒಂದು ದುರಂತವಾದೊಡನೆ 'ಇನ್ನು ಮುಂದೆ ಶಿಬಿರವೇ ಬೇಡ' ಎಂಬ ಕೂಗು ಏಳುತ್ತದೆ. ಆಗ ಮೊದಲು ಮನೆಯಲ್ಲಿ ಉಳಿಯುವವಳು ಹೆಣ್ಣುಮಗಳು. ಆಮೇಲೆ ಉಳಿಯುವವನು ಕೂಲಿಮಾಡುವವನ ಮಗ. ಹಣವಿರುವವರ ಮಕ್ಕಳು ಹೇಗೂ ಊಟಿಗೋ ಮುನ್ನಾರಿಗೋ ಹೋಗಿ ಬರುತ್ತಾರೆ. ಶಾಲೆಯ ಶಿಬಿರವಲ್ಲದೆ ಬೇರೆ ಗತಿಯಿಲ್ಲದ ಮಕ್ಕಳ ಅವಕಾಶವೇ ಒಬ್ಬಿಬ್ಬರು ಹಿರಿಯರ ಉಡಾಫೆಯಿಂದ ತಪ್ಪಿಹೋಗುತ್ತದೆ. ಶಿಬಿರವನ್ನು ನಿಲ್ಲಿಸುವುದು ಸುರಕ್ಷೆಯಲ್ಲ. ಶಿಬಿರ ಮುಂದುವರಿಯುವಂತೆ ನಡೆದುಕೊಳ್ಳುವುದು ಸುರಕ್ಷೆ.

ಕೊನೆಯದಾಗಿ ಒಂದು ಸಲಹೆ. ಮುಂದಿನ ಶಿಬಿರದ ಮೊದಲ ಸಂಜೆ ಧ್ವಜದ ಮುಂದೆ ನಿಯಮಗಳನ್ನು ಓದಿ ಒಪ್ಪಿಗೆ ಹೇಳುವಾಗ ಮಕ್ಕಳು ಕುಳಿತು ಕೇಳಲಿ, ಹಿರಿಯರು ಎದ್ದು ನಿಂತು ಹೇಳಲಿ. ನಿಯಮ ತಪ್ಪಿದ ಹಿರಿಯರನ್ನು ಕಂಡರೆ 'ಮಾವ, ಹಗ್ಗದ ಆಚೆ ಹೋಗಬಾರದಂತೆ', 'ಅಕ್ಕ, ಎಣಿಕೆಯಾಗಲಿಲ್ಲ' ಎಂದು ವಿನಯದಿಂದ ನೆನಪಿಸುವ ಅಧಿಕಾರ ಅತಿ ಕಿರಿಯ ಮಗುವಿಗೂ ಇರಲಿ. ಆ ಮಾತಿಗೆ ಸಿಟ್ಟಾಗದೆ 'ಹೌದು ಮಗಾ' ಎಂದು ಹಿಂದೆ ಬರುವ ತಂದೆಯೊಬ್ಬ, ಸುರಕ್ಷೆಯ ಕುರಿತು ನಾವು ವರ್ಷವಿಡೀ ತರಗತಿಯಲ್ಲಿ ಹೇಳುವುದಕ್ಕಿಂತ ಹೆಚ್ಚಿನದನ್ನು ಒಂದು ಗಳಿಗೆಯಲ್ಲಿ ಕಲಿಸುತ್ತಾನೆ. ಸದಾ ಸಿದ್ಧರಾಗಿರಿ ಎಂಬುದು ಸ್ಕೌಟಿನ ಧ್ಯೇಯವಾಕ್ಯ. ಅದನ್ನು ಮಕ್ಕಳ ಅಂಗಿಯ ಮೇಲೆ ಹೊಲಿಸಿ ನಾವು ಕೈತೊಳೆದುಕೊಂಡರೆ ಸಾಲದು. ಗುಡಾರ ಕಟ್ಟುವ ಮುಂಚೆ ಹಿರಿಯರಾದ ನಾವು ಸಿದ್ಧರಾಗೋಣ. ಮಕ್ಕಳು ತಾವಾಗಿಯೇ ನಮ್ಮ ಹಿಂದೆ ಬರುತ್ತಾರೆ.